ಪಾಕಶಾಲೆಯ ಕಿಚ್ಚು

ಪರರ ಏಳಿಗೆಯನ್ನು ಕಂಡು ಸೈರಿಸಲಾರದ ಮನಸ್ಸಿನ ಬೇಗೆಗೆ ಮಾತ್ಸರ್ಯವೆಂದೂ ಅಸೂಯೆಯೆಂದೂ ಪಂಡಿತರು ಹೆಸರಿಟ್ಟಿದ್ದಾರೆ. ಕನ್ನಡ ನಾಡಿನ ಜನಸಾಮಾನ್ಯರು ಅದನ್ನು ಹೊಟ್ಟೆಕಿಚ್ಚು ಎಂದು ಕರೆದರು. ಈ ಮಾತಿನ ಔಚಿತ್ಯ ದೊಡ್ಡದು. ಒಲೆಯಲ್ಲಿ ಉರಿಯುವ ಕಿಚ್ಚು ನಾಲ್ಕು ಜನರ ಹಸಿವನ್ನು ಹಿಂಗಿಸುತ್ತದೆ. ಹೊಟ್ಟೆಯನ್ನು ಸೇರಿದ ಕಿಚ್ಚಾದರೋ ತಾನಿರುವ ಮನೆಯನ್ನೇ ಮೊದಲು ಸುಡುತ್ತದೆ. ಈ ಎರಡು ಬಗೆಯ ಕಿಚ್ಚೂ ಒಂದೇ ಸೂರಿನ ಕೆಳಗೆ ಉರಿದ ಕಥೆಯೊಂದನ್ನು ಕೊರಿಯಾ ದೇಶದ ಐತಿಹಾಸಿಕ ಧಾರಾವಾಹಿಯೊಂದು ಹೇಳುತ್ತದೆ. ಅದು ನಡೆಯುವುದು ರಣರಂಗದಲ್ಲಲ್ಲ, ಅರಮನೆಯ ಅಡಿಗೆಯ ಮನೆಯಲ್ಲಿ.

‘ದೇ ಜಾಂಗ್‌ಗುಮ್’ ಎಂಬ ಹೆಸರಿನ ಆ ಧಾರಾವಾಹಿಯನ್ನು ದಕ್ಷಿಣ ಕೊರಿಯಾದ ಎಂ.ಬಿ.ಸಿ. ಸಂಸ್ಥೆಯು 2003ರ ಸೆಪ್ಟೆಂಬರಿನಿಂದ 2004ರ ಮಾರ್ಚಿಯವರೆಗೆ 54 ಕಂತುಗಳಲ್ಲಿ ಪ್ರಸಾರ ಮಾಡಿತು. ಕಿಮ್ ಯಂಗ್‌ಹ್ಯನ್ ಎಂಬ ಲೇಖಕಿ ಇದನ್ನು ಬರೆದರು. ಲೀ ಬ್ಯಂಗ್‌ಹೂನ್ ನಿರ್ದೇಶಿಸಿದರು. ಲೀ ಯಂಗ್‌ಏ ಎಂಬ ನಟಿ ನಾಯಿಕೆ ಜಾಂಗ್‌ಗುಮಳ ಪಾತ್ರವನ್ನು ವಹಿಸಿದರು. ಏಷ್ಯಾದ ಹಲವು ದೇಶಗಳ ಜನ ಇದನ್ನು ತಮ್ಮ ತಮ್ಮ ಭಾಷೆಗಳಲ್ಲಿ ಕಂಡು ಮೆಚ್ಚಿಕೊಂಡರು. 2006ರಲ್ಲಿ ನಮ್ಮ ದೂರದರ್ಶನವೂ ಇದನ್ನು ಹಿಂದಿಯಲ್ಲಿ ಪ್ರಸಾರ ಮಾಡಿತು.

ಕಥೆಯ ಕಾಲ ಹದಿನಾರನೆಯ ಶತಮಾನದ ಆದಿಭಾಗ. ಇತ್ತ ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದಾಗ ಅತ್ತ ಕೊರಿಯಾದಲ್ಲಿ ಜೋಸನ್ ಮನೆತನದ ಜುಂಗ್‌ಜೊಂಗ್ ದೊರೆ ಸಿಂಹಾಸನದಲ್ಲಿದ್ದನು. ಅವನ ಆಳ್ವಿಕೆ 1506ರಿಂದ 1544ರವರೆಗೆ ನಡೆಯಿತು. ಆ ನಾಡಿನ ಸಮಾಜ ಕನ್‌ಫ್ಯೂಷಿಯಸನ ಬೋಧನೆಗಳ ಮೇಲೆ ನಿಂತಿತ್ತು. ಹೆಂಡತಿಯನ್ನು ತ್ಯಜಿಸಲು ಗಂಡನಿಗೆ ಏಳು ಕಾರಣಗಳನ್ನು ಆ ಸಂಪ್ರದಾಯ ಒಪ್ಪಿಕೊಂಡಿತ್ತು. ಅವುಗಳಲ್ಲಿ ಹೆಂಡತಿಯ ಹೊಟ್ಟೆಕಿಚ್ಚೂ ಒಂದು! ದೊರೆಯಾದವನು ಎಷ್ಟು ಮಂದಿ ಸ್ತ್ರೀಯರನ್ನಾದರೂ ಅಂತಃಪುರಕ್ಕೆ ತರಬಹುದಾಗಿತ್ತು. ಅದನ್ನು ಕಂಡು ರಾಣಿ ಮುನಿಸಿಕೊಂಡರೆ ಅದು ಅಪರಾಧ. ಸಂಗ್‌ಜೊಂಗ್ ದೊರೆಯ ರಾಣಿ ಯುನ್ ಎಂಬಾಕೆ ಈ ಬಗೆಯ ಆರೋಪಕ್ಕೆ ಗುರಿಯಾಗಿ 1479ರಲ್ಲಿ ಪದಚ್ಯುತಳಾದಳು. 1482ರಲ್ಲಿ ಆಕೆಗೆ ವಿಷ ಕುಡಿಸಲಾಯಿತು. ಆಕೆಯ ಮಗ ಯನ್‌ಸಾನ್‌ಗುನ್ ಮುಂದೆ ಪಟ್ಟಕ್ಕೆ ಬಂದನು. ತಾಯಿಯ ಸಾವಿಗೆ ಕಾರಣರಾದವರ ಮೇಲೆ 1504ರಲ್ಲಿ ಅವನು ತೀರಿಸಿಕೊಂಡ ಸೇಡಿನಲ್ಲಿ ಅನೇಕರ ರಕ್ತ ಹರಿಯಿತು. ಎರಡು ವರ್ಷಗಳ ತರುವಾಯ ಅವನನ್ನು ಕೆಳಗಿಳಿಸಿ ಅವನ ಮಲತಮ್ಮನಾದ ಜುಂಗ್‌ಜೊಂಗನಿಗೆ ಪಟ್ಟ ಕಟ್ಟಿದರು. ಇದೆಲ್ಲ ಇತಿಹಾಸ. ರಾಣಿ ಯುನ್‌ಳಿಗೆ ವಿಷದ ಬಟ್ಟಲನ್ನು ಒಯ್ದ ಕಾವಲುಗಾರರ ಗುಂಪಿನಿಂದಲೇ ಧಾರಾವಾಹಿಯ ಕಥೆ ಆರಂಭವಾಗುತ್ತದೆ. ಜಾಂಗ್‌ಗುಮಳ ತಂದೆ ಆ ಗುಂಪಿನಲ್ಲಿದ್ದವನು.

ಅರಮನೆಯ ಊಳಿಗದ ಹೆಂಗಸರ ಬಾಳನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಅವರು ಎಳೆಯ ವಯಸ್ಸಿನಲ್ಲಿಯೇ ಅರಮನೆಯನ್ನು ಸೇರುತ್ತಿದ್ದರು. ಹದಿನೈದು ವರ್ಷಗಳಷ್ಟು ಕಾಲ ಕಲಿತ ಮೇಲೆ ಊಳಿಗದವರೆಂಬ ಮನ್ನಣೆ; ಮತ್ತಷ್ಟು ವರ್ಷಗಳು ದುಡಿದ ಮೇಲೆ ಹಿರಿಯ ಪದವಿ. ಮದುವೆಯಿಲ್ಲ, ಮಕ್ಕಳಿಲ್ಲ. ರಾಜವಂಶದವರಲ್ಲದೆ ಬೇರಾರೂ ಅರಮನೆಯೊಳಗೆ ಸಾಯುವಂತಿರಲಿಲ್ಲ. ಆದುದರಿಂದ ಮುಪ್ಪಡಸಿ ಕಾಯಿಲೆ ಬಿದ್ದವಳು ಹೊರಗೆ ಹೋಗಬೇಕು. ಗಂಡಸರಿಗೆ ಪರೀಕ್ಷೆಗಳನ್ನು ಬರೆದು ಅಧಿಕಾರಿಗಳಾಗುವ ದಾರಿಯಿತ್ತು. ಹೆಂಗಸರಿಗಿದ್ದದ್ದು ಈ ಒಂದೇ ಏಣಿ, ಅದರ ತುದಿಯಲ್ಲಿ ಒಬ್ಬಳಿಗೆ ಮಾತ್ರ ಸ್ಥಳ. ಅಂತಃಪುರದ ಕಲಹಗಳನ್ನು ಕಂಡವರು ಹೊಟ್ಟೆಕಿಚ್ಚು ಹೆಣ್ಣಿನ ಹುಟ್ಟುಗುಣವೆಂದು ಹಗುರವಾಗಿ ಹೇಳುವುದುಂಟು. ಇಷ್ಟು ಇಕ್ಕಟ್ಟಾದ ಏಣಿಯ ಮೇಲೆ ಗಂಡಸರನ್ನು ನಿಲ್ಲಿಸಿ ನೋಡದೆ ಆಡಿದ ಮಾತು ಅದು.

ಧಾರಾವಾಹಿಯಲ್ಲಿ ಈ ಏಣಿಯ ತುದಿಯೆಂದರೆ ಪಾಕಶಾಲೆಯ ಮುಖ್ಯಸ್ಥೆಯ ಪದವಿ. ಚೊಯ್ ಎಂಬ ಮನೆತನದ ಹೆಂಗಸರು ಹಲವು ತಲೆಮಾರುಗಳಿಂದ ಆ ಪದವಿಯನ್ನು ಬಿಟ್ಟುಕೊಟ್ಟಿಲ್ಲ. ಆ ಮನೆಯ ಗಂಡಸರು ಅರಮನೆಗೆ ದಿನಸಿ ಒದಗಿಸುವ ವರ್ತಕರು. ಒಳಗೆ ಅತ್ತೆಯೋ ಸೊಸೆಯೋ ಪಾಕಶಾಲೆಯನ್ನು ಆಳುತ್ತಿರಬೇಕು, ಹೊರಗೆ ಅಣ್ಣನೋ ತಮ್ಮನೋ ವ್ಯಾಪಾರ ನಡೆಸುತ್ತಿರಬೇಕು. ಪದವಿ ಕೈತಪ್ಪಿದರೆ ಇಡೀ ಮನೆತನವೇ ಕುಸಿಯುತ್ತದೆ.

ಜಾಂಗ್‌ಗುಮಳ ತಾಯಿ ಮ್ಯಂಗ್‌ಯೀ ಅದೇ ಪಾಕಶಾಲೆಯಲ್ಲಿ ಊಳಿಗದಲ್ಲಿದ್ದವಳು. ಹಾನ್ ಎಂಬ ಗೆಳತಿಯೂ ಚೊಯ್ ಮನೆತನದ ಹುಡುಗಿಯೂ ಅವಳ ಓರಗೆಯವರು. ರಾಜಮಾತೆಯ ಆಹಾರದಲ್ಲಿ ಚೊಯ್ ಏನನ್ನೋ ಬೆರೆಸುತ್ತಿರುವುದನ್ನು ಕಂಡ ಮ್ಯಂಗ್‌ಯೀ ಅದನ್ನು ಮೇಲಿನವರಿಗೆ ತಿಳಿಸಿದಳು. ಆ ಮೇಲಿನವರೇ ಚೊಯ್ ಮನೆತನದವರೆಂಬುದು ಅವಳಿಗೆ ಹೊಳೆಯಲಿಲ್ಲ. ಅಪರಾಧ ಅವಳ ತಲೆಯ ಮೇಲೆಯೇ ಬಿದ್ದು ಗುಟ್ಟಾಗಿ ವಿಷ ಕುಡಿಸಿದರು. ಗೆಳತಿ ಹಾನ್ ವಿಷದ ಬಲವನ್ನು ತಗ್ಗಿಸುವ ಮದ್ದನ್ನು ಬಟ್ಟಲಿಗೆ ಸೇರಿಸಿದ್ದರಿಂದ ಮ್ಯಂಗ್‌ಯೀಯ ಜೀವ ಉಳಿಯಿತು. ಬಹಳ ವರ್ಷಗಳ ಮೇಲೆ ಅವಳು ಬದುಕಿರುವುದು ತಿಳಿದುಬಂದು ಚೊಯ್ ಕಡೆಯವರ ಬಾಣಕ್ಕೆ ಬಲಿಯಾದಳು. ಅನಾಥಳಾದ ಮಗಳು ಜಾಂಗ್‌ಗುಮ್, ಪಾಕಶಾಲೆಯ ಮುಖ್ಯಸ್ಥೆಯಾಗಬೇಕೆಂಬ ತಾಯಿಯ ಆಸೆಯನ್ನು ಹೊತ್ತು ಅರಮನೆಯನ್ನು ಸೇರಿದಳು. ವಿಧಿವಶದಿಂದ ಅವಳಿಗೆ ಗುರುವಾಗಿ ದೊರೆತವಳು ತಾಯಿಯ ಗೆಳತಿ ಹಾನ್. ಇಬ್ಬರಿಗೂ ಈ ಸಂಬಂಧ ತಿಳಿಯುವುದು ಬಹು ಕಾಲದ ಮೇಲೆ.

ಹಾನ್ ಕಲಿಸಿದ ಮೊದಲನೆಯ ಪಾಠ ನೀರು ಕೊಡುವುದು. ‘ಕುಡಿಯಲು ನೀರು ತಾ’ ಎಂದು ಪ್ರತಿದಿನವೂ ಹೇಳುವಳು. ಬಾಲಕಿ ತಣ್ಣೀರು ತಂದಳು, ಬಿಸಿನೀರು ತಂದಳು, ಎಲೆಯೊಂದನ್ನು ತೇಲಿಬಿಟ್ಟೂ ತಂದಳು. ಯಾವುದೂ ಗುರುವಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೊಂದು ದಿನ ಜಾಂಗ್‌ಗುಮ್ ನೀರು ತರುವ ಮೊದಲು, ‘ಅಮ್ಮನವರೆ, ತಮಗೆ ಹೊಟ್ಟೆನೋವು ಇದೆಯೆ? ಗಂಟಲು ಕೆರೆಯುತ್ತಿದೆಯೆ?’ ಎಂದು ವಿಚಾರಿಸಿದಳು. ಅವಳ ತಾಯಿ ನೀರು ಕೊಡುವಾಗ ಹಾಗೆ ಕೇಳುತ್ತಿದ್ದುದು ನೆನಪಿಗೆ ಬಂದಿತ್ತು. ಹಾನ್‌ಳ ಮುಖ ಅರಳಿತು. ತಿನ್ನುವವನ ದೇಹಸ್ಥಿತಿಯನ್ನು ಅರಿಯದೆ ಮಾಡಿದ ಅಡಿಗೆ ಎಷ್ಟು ರುಚಿಯಾದರೂ ಅಡಿಗೆಯಲ್ಲವೆಂಬುದು ಅವಳ ಮತ. ಈ ಹುಡುಗಿಯ ನಾಲಿಗೆಯೂ ಅಸಾಧಾರಣವಾದುದು. ಒಮ್ಮೆ ಮಾಂಸದ ಅಡಿಗೆಯೊಂದರ ಸಿಹಿ ಯಾವುದರಿಂದ ಬಂದಿತೆಂಬ ಪ್ರಶ್ನೆ ಎದ್ದಾಗ, ಮಾಗಿದ ಪರ್ಸಿಮನ್ ಹಣ್ಣಿನಿಂದ ಎಂದು ಅವಳು ಥಟ್ಟನೆ ಹೇಳಿದಳು. ಹೇಗೆ ತಿಳಿಯಿತೆಂದು ಕೇಳಿದರೆ, ಆ ಹಣ್ಣಿನ ರುಚಿ ಬಂದಿತು, ಅದಕ್ಕೇ ಹಾಗೆಂದೆ ಎಂದು ಬೆರಗಾದಳು. ಬೇರೆ ಕಾರಣ ಬೇಕೆಂದು ಅವಳಿಗೆ ತೋರಲೇ ಇಲ್ಲ.

ಆ ಪಾಕಶಾಲೆಯಲ್ಲಿ ಮತ್ತೊಬ್ಬ ಪ್ರತಿಭಾವಂತೆಯಿದ್ದಳು. ಅವಳೇ ಚೊಯ್ ಮನೆತನದ ಗುಮ್‌ಯಂಗ್. ಈ ಧಾರಾವಾಹಿಯ ನಿಜವಾದ ಮರ್ಮ ನಾಯಿಕೆಗಿಂತ ಹೆಚ್ಚಾಗಿ ಇವಳ ಪಾತ್ರದಲ್ಲಿ ಅಡಗಿದೆ. ಗುಮ್‌ಯಂಗ್ ದಡ್ಡಳಲ್ಲ, ಸೋಮಾರಿಯಲ್ಲ, ಹುಟ್ಟು ದುಷ್ಟಳೂ ಅಲ್ಲ. ಅವಳ ಕೈಯ ಹದ ಅರಮನೆಗೆಲ್ಲ ಹೆಸರಾದುದು. ಎಲ್ಲರಿಗಿಂತ ಮೊದಲು ಜಾಂಗ್‌ಗುಮಳ ಯೋಗ್ಯತೆಯನ್ನು ಗುರುತಿಸಿದವಳೂ ಅವಳೇ. ತನಗೆ ಸರಿಸಮಾನಳಾದವಳು ಸಿಕ್ಕಿದಾಗ ಕುಶಲಿಯಾದವನಿಗೆ ಆಗುವ ಹಿಗ್ಗು ಅವಳಿಗೂ ಮೊದಮೊದಲು ಆಗಿದ್ದಿತು. ಆ ಹಿಗ್ಗು ಹೊಟ್ಟೆಕಿಚ್ಚಾದುದು ಹೇಗೆ?

ಅವಳ ಸೋದರತ್ತೆಯಾದ ಹಿರಿಯ ಚೊಯ್, ಗುಮ್‌ಯಂಗ್‌ಳ ಗೆಲುವನ್ನು ಆಕೆಯ ಕೈಗೆ ಬಿಡಲಿಲ್ಲ. ಮನೆತನದ ಪದವಿಯನ್ನು ಒಬ್ಬ ಹುಡುಗಿಯ ಸೌಟಿನ ಮೇಲೆ ಪಣವಿಡುವುದು ಅವಳಿಗೆ ಹುಚ್ಚುತನವಾಗಿ ಕಂಡಿತು. ಸ್ಪರ್ಧೆ ಬಂದರೆ ಎದುರಾಳಿಯ ದಾರಿಯಲ್ಲಿ ಮುಳ್ಳು ಹಾಸುವಳು. ತೀರ್ಪು ಕೊಡುವವರ ಮನಸ್ಸನ್ನು ಮೊದಲೇ ಒಲಿಸಿಕೊಳ್ಳುವಳು. ರಾಣಿಯ ಗರ್ಭದಲ್ಲಿದ್ದ ಶಿಶು ಗಂಡಾಗದಿರಲೆಂದು ಮಾಟದ ಚೀಟಿಯೊಂದನ್ನು ಪಾಕಶಾಲೆಯಲ್ಲಿ ಅಡಗಿಸುವ ಕೆಲಸವನ್ನೂ ಸೊಸೆಯ ಕೈಯಿಂದಲೇ ಮಾಡಿಸಿದಳು. ಗುಮ್‌ಯಂಗ್ ಅತ್ತಳು, ಬೇಡವೆಂದಳು, ಕಡೆಗೆ ಮಾಡಿದಳು. ತನ್ನ ಕೈಯಿಂದಲೇ ಗೆಲ್ಲುವೆನೆಂದು ಅವಳು ಅತ್ತೆಯೊಡನೆ ವಾದಿಸುವ ಸನ್ನಿವೇಶಗಳು ನೋಡುವವರ ಮನಸ್ಸನ್ನು ಕಲಕುತ್ತವೆ. ಜಾಂಗ್‌ಗುಮ್ ಗೆದ್ದರೂ ಸೋತರೂ ತನ್ನ ಅಳತೆ ಎಷ್ಟೆಂದು ಅರಿಯುತ್ತಾಳೆ. ಗುಮ್‌ಯಂಗ್ ಗೆದ್ದಾಗಲೂ, ಇದು ನನ್ನ ಗೆಲುವೊ ಅತ್ತೆಯ ಹೂಟವೊ ಎಂಬ ಸಂಶಯ ಅವಳನ್ನು ಬಿಡುವುದಿಲ್ಲ. ಆ ಸಂಶಯಕ್ಕೆ ಉತ್ತರ ತನ್ನೊಳಗೆ ದೊರೆಯದಿರಲು ಅವಳ ದೃಷ್ಟಿ ಮತ್ತೆ ಮತ್ತೆ ಜಾಂಗ್‌ಗುಮಳ ಕಡೆಗೆ ಹರಿಯುತ್ತದೆ. ಸಾಲದುದಕ್ಕೆ ಅವಳು ಎಳವೆಯಿಂದಲೂ ಮನಸ್ಸಿನಲ್ಲೇ ಆರಾಧಿಸುತ್ತಿದ್ದ ಮಿನ್ ಜಂಗ್‌ಹೊ ಎಂಬ ಅಧಿಕಾರಿಯ ಒಲವೂ ಜಾಂಗ್‌ಗುಮಳಿಗೇ ಸಲ್ಲುತ್ತದೆ.

ನಾಯಿಕೆಯೇನೂ ಲೋಪವಿಲ್ಲದವಳಲ್ಲ. ಮುಖ್ಯಸ್ಥೆಯ ಪದವಿಗಾಗಿ ಹಾನ್ ಮತ್ತು ಹಿರಿಯ ಚೊಯ್ ನಡುವೆ ನಡೆದ ಪಂದ್ಯಗಳಲ್ಲಿ ಜಾಂಗ್‌ಗುಮ್ ಹಾನ್‌ಳ ಸಹಾಯಕಿ, ಗುಮ್‌ಯಂಗ್ ಚೊಯ್‌ಳ ಸಹಾಯಕಿ. ಜನ ಸಾಮಾನ್ಯವಾಗಿ ಎಸೆದುಬಿಡುವ ಪದಾರ್ಥಗಳಿಂದ ಅಡಿಗೆ ಮಾಡಬೇಕೆಂಬ ಪಂದ್ಯವೊಂದರಲ್ಲಿ ಜಾಂಗ್‌ಗುಮ್ ಮೂಳೆಯ ಸಾರನ್ನು ಆರಿಸಿಕೊಂಡಳು. ಬಹು ಹೊತ್ತು ಸಣ್ಣ ಉರಿಯಲ್ಲಿ ಕುದಿಯಬೇಕಾದ ಸಾರು ಅದು. ಗೆಲ್ಲುವ ಆತುರದಲ್ಲಿ ಅವಳು ವಿಶೇಷ ಪದಾರ್ಥಗಳನ್ನು ಹುಡುಕುತ್ತ ಅಲೆದು ಅಡ್ಡದಾರಿಯಿಂದ ರುಚಿ ತರಲು ಹೊರಟು ಸೋತಳು. ಹಾನ್ ಅವಳನ್ನು ಸಂತೈಸಲಿಲ್ಲ. ಕಠಿಣವಾಗಿ ಗದರಿಸಿ ಪಂದ್ಯದ ನಡುವೆಯೇ ಬೆಟ್ಟದ ಬೌದ್ಧ ವಿಹಾರವೊಂದಕ್ಕೆ ಕಳುಹಿಸಿಬಿಟ್ಟಳು. ಅಲ್ಲಿ ಮರಣಶಯ್ಯೆಯಲ್ಲಿದ್ದ ವೃದ್ಧೆಯೊಬ್ಬಳು, ಬಾಲ್ಯದಲ್ಲಿ ತನ್ನ ಅಣ್ಣ ಕೊಡುತ್ತಿದ್ದ ಅಕ್ಕಿಯನ್ನು ಮತ್ತೊಮ್ಮೆ ಬಾಯಿಗೆ ಹಾಕಿಕೊಳ್ಳಬೇಕೆಂದು ಬಯಸಿದಳು. ಅದು ಬಿಸಿಲಿನಲ್ಲಿ ದಿನಗಟ್ಟಲೆ ಒಣಗಬೇಕಾದ ಅಕ್ಕಿ. ವೃದ್ಧೆಗೆ ಅಷ್ಟು ದಿನ ಆಯುಸ್ಸಿಲ್ಲವೆಂದು ಜಾಂಗ್‌ಗುಮ್ ಅದನ್ನು ಒಲೆಯ ಶಾಖದಲ್ಲಿ ಒಣಗಿಸಿ ಕೊಟ್ಟಳು. ಮುದುಕಿ ತಿಂದು, ಇದಲ್ಲವೆಂದಳು. ವಿಹಾರದ ಆಳು ಆತುರಪಡದೆ ಬಿಸಿಲಿನಲ್ಲಿಯೇ ಒಣಗಿಸಿ ತಂದ ಅಕ್ಕಿಯನ್ನು ಅಗಿದು ತೃಪ್ತಿಯಿಂದ ಕಣ್ಮುಚ್ಚಿದಳು. ಗುಮ್‌ಯಂಗ್ ಸೋತಿದ್ದರೆ ಅವಳಿಗೆ ಇಂಥ ಬೆಟ್ಟವೂ ದೊರೆಯುತ್ತಿರಲಿಲ್ಲ, ಗದರಿಸಿ ಕಳುಹಿಸುವ ಗುರುವೂ ಇರಲಿಲ್ಲ.

ಪಂದ್ಯಗಳ ಕೊನೆಯಲ್ಲಿ ಹಾನ್ ಮುಖ್ಯಸ್ಥೆಯಾದಳು. ಅವಳ ಹುಟ್ಟು ಕೀಳೆಂದು ಹೇಳಿ ಪಾಕಶಾಲೆಯ ಹೆಂಗಸರು ಅವಳ ಆಜ್ಞೆಗೆ ಒಳಪಡಲು ಒಪ್ಪಲಿಲ್ಲ. ಹೀಗಾಗಿ ಮತ್ತೊಂದು ಪಂದ್ಯ ನಡೆಯಿತು. ಈ ಬಾರಿ ಬೇಯಿಸಬೇಕಾದುದು ಬರಿಯ ಅನ್ನ. ಹಾನ್‌ಳನ್ನು ಧಿಕ್ಕರಿಸಿದ ಹೆಂಗಸರೇ ಉಂಡು ಹೇಳಬೇಕು. ಹಾನ್ ಒಂದೇ ಪಾತ್ರೆಯಲ್ಲಿ ಅಕ್ಕಿ ಒಂದು ಬದಿಗೆ ಏರಿಯೂ ಇನ್ನೊಂದು ಬದಿಗೆ ಇಳಿದೂ ಇರುವಂತೆ ಮಾಡಿ ಬೇಯಿಸಿದಳು. ಒಂದೆಡೆ ಉದುರು ಅನ್ನ, ಒಂದೆಡೆ ಮೆತ್ತನೆಯ ಅನ್ನ, ನಡುವೆ ಹದವಾದುದು. ಯಾರಿಗೆ ಯಾವುದು ಇಷ್ಟವೆಂಬುದು ಅಷ್ಟು ವರ್ಷ ಜೊತೆಯಲ್ಲಿ ಉಂಡ ಅವಳಿಗೆ ತಿಳಿದಿತ್ತು. ತನ್ನನ್ನು ಹೀಯಾಳಿಸಿದವರ ತಟ್ಟೆಗೂ ಅವರವರ ಮೆಚ್ಚಿನ ಅನ್ನವನ್ನೇ ಬಡಿಸಿದಳು. ಧಾರಾವಾಹಿಯಲ್ಲಿ ಬಗೆಬಗೆಯ ರಾಜಭೋಜನಗಳು ಕಣ್ಣಿಗೆ ಹಬ್ಬವೆನಿಸುತ್ತವೆ. ಆದರೂ ಈ ಸಾದಾ ಅನ್ನದ ಪ್ರಸಂಗಕ್ಕೆ ಅವು ಯಾವುವೂ ಸಮನಲ್ಲ.

ಸೌಟಿನಿಂದ ಗೆಲ್ಲಲಾಗದ ಚೊಯ್ ಕಡೆಯವರು ರಾಜಕಾರಣವನ್ನು ಹಿಡಿದರು. ಗಂಧಕ ತಿನ್ನಿಸಿ ಸಾಕಿದ ಬಾತುಕೋಳಿಯ ಅಡಿಗೆಯನ್ನುಂಡ ದೊರೆ ಕಾಯಿಲೆ ಬಿದ್ದಾಗ, ಅದು ಹಾನ್ ಮತ್ತು ಜಾಂಗ್‌ಗುಮ್ ಹೂಡಿದ ರಾಜದ್ರೋಹದ ಸಂಚೆಂದು ಸಾರಿದರು. ಗುರುವನ್ನು ಉಳಿಸಲು ಶಿಷ್ಯೆಯೂ ಶಿಷ್ಯೆಯನ್ನು ಉಳಿಸಲು ಗುರುವೂ ಅಪರಾಧ ತನ್ನದೇ ಎಂದರು. ಇಬ್ಬರಿಗೂ ಜೇಜು ದ್ವೀಪಕ್ಕೆ ಗಡೀಪಾರಿನ ಶಿಕ್ಷೆಯಾಯಿತು. ಚಿತ್ರಹಿಂಸೆಯಿಂದ ಜರ್ಜರಿತಳಾದ ಹಾನ್ ದಾರಿಯಲ್ಲಿ ಜಾಂಗ್‌ಗುಮಳ ಬೆನ್ನ ಮೇಲೆಯೇ ಪ್ರಾಣ ಬಿಟ್ಟಳು. ಇತ್ತ ಅರಮನೆಯಲ್ಲಿ ಮುಖ್ಯಸ್ಥೆಯ ಪದವಿ ಕಾಲಕ್ರಮದಲ್ಲಿ ಗುಮ್‌ಯಂಗ್‌ಳಿಗೆ ಬಂದಿತು. ಹುಟ್ಟಿದಂದಿನಿಂದ ಯಾವುದಕ್ಕಾಗಿ ಅವಳನ್ನು ಬೆಳೆಸಿದ್ದರೋ ಅದು ಕೈಸೇರಿತು. ಯಾರನ್ನು ಗೆದ್ದು ಪಡೆಯಬೇಕೆಂದು ಅವಳು ಹಂಬಲಿಸಿದ್ದಳೋ ಆ ಎದುರಾಳಿ ಎದುರಿಗಿರಲಿಲ್ಲ.

ಜಾಂಗ್‌ಗುಮ್ ಜೇಜು ದ್ವೀಪದಲ್ಲಿ ವೈದ್ಯವನ್ನು ಕಲಿತು ಅರಮನೆಗೆ ವೈದ್ಯೆಯಾಗಿ ಮರಳುವುದು ಕಥೆಯ ಉತ್ತರಾರ್ಧ. ಅಲ್ಲಿಯೂ ಯಲ್‌ಯೀ ಎಂಬ ಸಹೋದ್ಯೋಗಿಯ ಮತ್ಸರವನ್ನು ಅವಳು ಎದುರಿಸಬೇಕಾಗುತ್ತದೆ. ಆದರೆ ಆ ಪಾತ್ರ ಗುಮ್‌ಯಂಗ್‌ಳಷ್ಟು ಆಳವಾಗಿ ಮೂಡಿಲ್ಲ. ಹಿರಿಯ ಚೊಯ್‌ಳ ಚಿತ್ರಣದಲ್ಲಿಯೂ ಕಣ್ಣು ಕೆಕ್ಕರಿಸುವುದು, ಗುಟ್ಟಿನ ಸಭೆ ಸೇರುವುದು ತುಸು ಅತಿಯಾಗಿವೆ.

ಇದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು? ಜಾಂಗ್‌ಗುಮ್ ಎಂಬ ವೈದ್ಯೆ ಇದ್ದುದು ನಿಜ. ಜೋಸನ್ ಅರಸರ ದಿನಚರಿಯನ್ನು ಬರೆದಿಟ್ಟಿರುವ ಬೃಹತ್ ಗ್ರಂಥರಾಶಿಯಲ್ಲಿ ಅವಳ ಹೆಸರು ಕೆಲವೇ ಕಡೆ ಬರುತ್ತದೆ. 1515ರಲ್ಲಿ ರಾಣಿಯೊಬ್ಬಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಶುಶ್ರೂಷೆ ಮಾಡಿದ ಜಾಂಗ್‌ಗುಮಳನ್ನು ದಂಡಿಸಬೇಕೆಂಬ ಒತ್ತಾಯ ಬಂದಿತು. 1524ರ ವೇಳೆಗೆ ಅವಳ ಹೆಸರಿಗೆ ‘ದೇ’, ಎಂದರೆ ‘ಹಿರಿಯ’ ಎಂಬ ವಿಶೇಷಣ ಸೇರಿತ್ತು. 1544ರಲ್ಲಿ ದೊರೆ ತನ್ನ ಕಾಯಿಲೆಯ ಸಂಗತಿಯನ್ನು ವೈದ್ಯೆ ಬಲ್ಲಳೆಂದು ನುಡಿದುದು ದಾಖಲಾಗಿದೆ. ಅವಳು ಪಾಕಶಾಲೆಯಲ್ಲಿದ್ದಳೆಂದು ಎಲ್ಲಿಯೂ ಇಲ್ಲ. ಅರಮನೆಯ ಅಡಿಗೆಯವರಲ್ಲಿ ಗಂಡಸರೇ ಹೆಚ್ಚಾಗಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ಹಾನ್, ಚೊಯ್, ಗುಮ್‌ಯಂಗ್ ಮೂವರೂ ಲೇಖಕಿಯ ಕಲ್ಪನೆಯ ಮಕ್ಕಳು. ದಾಖಲೆ ಮೌನವಾಗಿದ್ದೆಡೆಯಲ್ಲಿ ಆಕೆ ಎರಡು ಒಲೆಗಳನ್ನು ಹೂಡಿ ಮನುಷ್ಯ ಸ್ವಭಾವವನ್ನು ಬೇಯಲಿಟ್ಟಳು.

ಕಥೆಯ ಕೊನೆಯಲ್ಲಿ ಹಳೆಯ ಅಪರಾಧಗಳೆಲ್ಲ ಬಯಲಾಗುತ್ತವೆ. ಹಿರಿಯ ಚೊಯ್ ತಪ್ಪಿಸಿಕೊಂಡು ಓಡಿ ಬೆಟ್ಟದಿಂದ ಬಿದ್ದು ಸಾಯುತ್ತಾಳೆ. ಗುಮ್‌ಯಂಗ್ ಪದವಿಯನ್ನು ಕಳೆದುಕೊಂಡು ಅರಮನೆಯನ್ನು ಬಿಡಬೇಕಾಗುತ್ತದೆ. ಹೊರಡುವ ಮುನ್ನ ಅವಳು ಜಾಂಗ್‌ಗುಮಳನ್ನು ಕಾಣುತ್ತಾಳೆ. ಅಳುವುದಿಲ್ಲ, ಕ್ಷಮೆ ಬೇಡುವುದಿಲ್ಲ, ಶಪಿಸುವುದೂ ಇಲ್ಲ. ತನ್ನ ಬಾಳಿನಲ್ಲಿ ಯಾವುದೂ ಪೂರ್ಣವಾಗಿ ತನ್ನದಾಗಲಿಲ್ಲವೆಂದು ಹೇಳಿಕೊಳ್ಳುತ್ತಾಳೆ. ಆತ್ಮವಿಶ್ವಾಸವೂ ಅರೆ, ಪ್ರತಿಭೆಯೂ ಅರೆ, ಒಲವೂ ಅರೆ. ಕಡೆಗೆ ಕೆಡುಕನ್ನಾದರೂ ಪೂರ್ಣ ಮನಸ್ಸಿನಿಂದ ಮಾಡಲಾಗಲಿಲ್ಲ. ಇಷ್ಟನ್ನು ಹೇಳಿ ಅವಳು ಸಾಮಾನ್ಯಳ ಉಡುಪಿನಲ್ಲಿ ಅರಮನೆಯಿಂದ ಹೊರಗೆ ನಡೆದುಹೋಗುತ್ತಾಳೆ. ಎಳೆಯ ವಯಸ್ಸಿನಿಂದ ಜೊತೆಯಲ್ಲಿ ಒಲೆಯ ಮುಂದೆ ನಿಂತಿದ್ದ ಜಾಂಗ್‌ಗುಮ್ ಅವಳು ಹೋಗುವುದನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಾಳೆ.